ಅಬ್ಬಿ ನೀರಿನ ಪೈಪಿಗೆ ಯಾವ ಡೆಮ್? ನನ್ನ ಅನುಭವ

"ಕಂಪ್ಯೂಟರ್ ನೋಡಿ ಪೈಪ್ ಎಳೀತೀಯಾ? ನೀರೇನು ನಿನ್ನ ಕಂಪ್ಯೂಟರ್ ಮಾತು ಕೇಳುತ್ತಾ?" ಅಂತ ದೊಡ್ಡಪ್ಪ ನಕ್ಕಿದ್ದರು. ಶಿರಸಿ ಕಡೆ ನಮ್ಮ ತೋಟಕ್ಕೆ ಕಾನಿನ ಅಬ್ಬಿಯಿಂದ ಸುಮಾರು ಒಂದು ಕಿಲೋಮೀಟರ್ ಪೈಪ್. ಇಳಿತ 35 ಮೀಟರ್ ಆಸುಪಾಸು. ಮೋಟರ್ ಬೇಡ. ದಾರಿಯ ಏರಿಳಿತ ನೋಡಲು ಕಂಪ್ಯೂಟರಿನಲ್ಲಿ ಡೆಮ್ (ನೆಲದ ಎತ್ತರದ ಡಿಜಿಟಲ್ ನಕ್ಷೆ) ತೆರೆದೆ.

ಮೊದಲ ಎಡವಟ್ಟು ನನ್ನದೇ. ಅಬ್ಬಿ ಕಡೆಗೆ ಇಸ್ರೋದ ಕಾರ್ಟೋಡೆಮ್, ಮನೆ ಕಡೆಗೆ ನಾಸಾದ ಎಸ್‌ಆರ್‌ಟಿಎಂ ಸೇರಿಸಿಬಿಟ್ಟೆ. ಅಬ್ಬಿ ಮನೆಗಿಂತ ಕೆಳಗೆ ಹೋಗಿ ಕೂತಿತು! ಕಾರ್ಟೋ ಎತ್ತರ ಎಲಿಪ್ಸಾಯ್ಡ್‌ನಿಂದ (ಲೆಕ್ಕಕ್ಕೆ ಇಟ್ಟುಕೊಂಡ ಭೂಮಿಯ ನಯವಾದ ಆಕಾರ), ಎಸ್‌ಆರ್‌ಟಿಎಂನದು ಜಿಯಾಯ್ಡ್‌ನಿಂದ (ಹೆಚ್ಚುಕಮ್ಮಿ ಸಮುದ್ರಮಟ್ಟ). ನಮ್ಮ ಕಡೆ ಎರಡಕ್ಕೂ 80 ಮೀಟರ್ ಆಸುಪಾಸು ವ್ಯತ್ಯಾಸ. ಗೊತ್ತಿದ್ದೂ ಮರೆತಿದ್ದೆ.

ಆಮೇಲೆ ಯುರೋಪಿನವರ ಕೋಪರ್ನಿಕಸ್ ಡೆಮ್ ತಗೊಂಡೆ, 30 ಮೀಟರಿಗೊಂದು ಎತ್ತರ ಕೊಡುವಂಥದ್ದು. ನೋಡಲು ಎಷ್ಟು ಚೊಕ್ಕ! ಆದರೆ ದಾರಿ ಮಧ್ಯೆ ಅಬ್ಬಿಗಿಂತ ಆರು ಮೀಟರ್ ಎತ್ತರದ ದಿಬ್ಬ. ನಂಬಿದೆ. ಸುತ್ತಿ ಬಳಸಲು 300 ಮೀಟರ್ ಪೈಪ್ ಜಾಸ್ತಿ ತಂದೆ, 20 ಸಾವಿರದ ಹತ್ತಿರ ಹೋಯಿತು. ಸಂಶಯ ಬಂದು ಡ್ರೋನ್ ಹಾರಿಸಿದೆ, ಮತ್ತೆ 12 ಸಾವಿರ. ಎಲೆಯ ನರ ಕಾಣುತ್ತೆ, ನೆಲ ಮಾತ್ರ ಕಾಣುವುದಿಲ್ಲ. ಡ್ರೋನೂ ಮೇಲಿಂದಲೇ ನೋಡುವುದಲ್ವಾ! ಕೊನೆಗೆ ಕಾಲ್ನಡಿಗೆಯಲ್ಲಿ ಹೋಗಿ ನೋಡಿದರೆ ಅಲ್ಲಿ ದಿಬ್ಬವೇ ಇಲ್ಲ. ಎತ್ತರದ ಮರಗಳ ತುದಿಯನ್ನೇ ಕೋಪರ್ನಿಕಸ್ ನೆಲ ಅಂತ ತೋರಿಸಿತ್ತು.

ಫ್ಯಾಬ್‌ಡೆಮ್ ಅನ್ನೋ ಇನ್ನೊಂದು ಡೆಮ್ ಕೆಲಸ ಮಾಡಿತು. ಕೋಪರ್ನಿಕಸ್‌ನಿಂದಲೇ ಮರ, ಕಟ್ಟಡ ಕಳೆದು ಮಾಡಿದ್ದು. ಸ್ವಂತ ತೋಟವಾದ್ದರಿಂದ ನನಗೆ ನಡೆಯಿತು. ಕಾಸು ತಗೊಂಡು ಮಾಡುವವರು ಲೈಸೆನ್ಸ್ ನೋಡಿಕೊಳ್ಳಿ. ಫ್ಯಾಬ್‌ಡೆಮ್ ಪ್ರಕಾರ ಆ ದಿಬ್ಬದ ಜಾಗ ಅಬ್ಬಿಗಿಂತ ಹತ್ತು ಮೀಟರ್ ಕೆಳಗೆ. ನಾನೂ ತಮ್ಮನೂ ಒಂದೂವರೆ ದಿನ ಇಂಬಳ ಕಚ್ಚಿಸಿಕೊಂಡು ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ಅಳೆಯುವುದು) ಹಿಡಿದೆವು: ಹದಿನಾಲ್ಕು. ನಾಲ್ಕು ಮೀಟರ್ ತಪ್ಪಿದ್ದರೂ ನನ್ನ ಕೆಲಸಕ್ಕೆ ಸಾಕಾಗಿತ್ತು.

ಸುಮ್ನೆ ಕುತೂಹಲಕ್ಕೆ ಕೋಪರ್ನಿಕಸ್‌ನಿಂದ ಎಸ್‌ಆರ್‌ಟಿಎಂ ಕಳೆದು ನೋಡಿದೆ. ಎಸ್‌ಆರ್‌ಟಿಎಂ 2000ನೇ ಇಸವಿಯದು, ಕೋಪರ್ನಿಕಸ್‌ನ ರಾಡಾರ್ ಚಿತ್ರಗಳು 2011ರಿಂದ 2015ರ ನಡುವಿನವು. ಆ ನಡುವೆ ಬೆಳೆದ ಆಚೆ ಬೆಟ್ಟದ ಅಕೇಶಿಯಾ ಪ್ಲಾಂಟೇಶನ್ ಚೌಕಾಕಾರವಾಗಿ ಎದ್ದು ನಿಂತಿತು! ಪೈಪಿಗೆ ಅದರಿಂದ ಏನೂ ಉಪಯೋಗವಿಲ್ಲ, ಅರ್ಧ ದಿನ ಮಾತ್ರ ಹೋಯಿತು.

ನೇರ ದಾರಿಯಲ್ಲೇ ಪೈಪ್ ಎಳೆದೆವು. ಮೊದಲೆರಡು ದಿನ ಗಾಳಿ ಕಟ್ಟಿಕೊಂಡು ನೀರು ಬರಲಿಲ್ಲ. ದೊಡ್ಡಪ್ಪನಿಗೆ ಖುಷಿಯೋ ಖುಷಿ. ತಗ್ಗು ದಾಟಿ ಪೈಪ್ ಏರಿದ ತುದಿಯಲ್ಲಿ ಗಾಳಿ ಬಿಡಲು ಒಂದು ವಾಲ್ವ್ ಹಾಕಿದ ಮೇಲೆ 15 ಲೀಟರ್ ಕೊಡಪಾನ 20 ಸೆಕೆಂಡಿನಲ್ಲಿ ತುಂಬಿತು. ಉಳಿದ 300 ಮೀಟರ್ ಪೈಪನ್ನು ದೊಡ್ಡಪ್ಪ ತಮ್ಮ ಹಿತ್ತಲಿಗೆ ಎಳೆದುಕೊಂಡಿದ್ದಾರೆ. ದುಡ್ಡು ಇನ್ನೂ ಬಂದಿಲ್ಲ.