ಬಕೆಟ್ ಸ್ನಾನಕ್ಕೂ ಸುಗಂಧ ತೈಲ ಒಗ್ಗುತ್ತದೆ: ನನ್ನ ಅನುಭವ

ಸುಗಂಧ ತೈಲದ ಸ್ನಾನವೆಂದರೆ ಬಾತ್‌ಟಬ್ ಇರುವವರ ಶೋಕಿ, ಬಕೆಟ್ ನೀರಿಗೆ ಅದು ಹೊಂದುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಚಿತ್ರದುರ್ಗದ ಚಳಿಗಾಲ, ಗಡಸು ಬೋರ್‌ವೆಲ್ ನೀರು ಎರಡೂ ಸೇರಿ ಅತ್ತೆಯವರ ಮೊಣಕಾಲಿನ ಕೆಳಗೆ ಹುರುಪೆ ಏಳುತ್ತಿತ್ತು. ಸೀರೆಯ ಅಂಚು ತಗುಲಿದರೂ ಉರಿ. ಈ ಸ್ನಾನ ಶುರುವಾದ ಮೇಲೆ ಅವರು ರಾತ್ರಿಯಿಡೀ ನೆಮ್ಮದಿಯಾಗಿ ಮಲಗುತ್ತಾರೆ.

ತೈಲವನ್ನು ಹಾಲಿನಲ್ಲಿ ಬೆರೆಸಿ ಎಂದರು, ಎಪ್ಸಮ್ ಉಪ್ಪಿನಲ್ಲಿ ಬೆರೆಸಿ ಎಂದರು, ಜೇನಿನಲ್ಲಿ ಎಂದರು. ಮೂರೂ ದಂಡ. ಉಪ್ಪು ಕರಗುತ್ತದೆ, ತೈಲ ಮೇಲೆ ಬಂದು ಕೂರುತ್ತದೆ. ಗಾಜಿನ ಲೋಟದಲ್ಲಿ ಮಾಡಿ ಬೆಳಕಿಗೆ ಹಿಡಿಯಿರಿ, ತೈಲದ ಸಣ್ಣ ಸಣ್ಣ ಕಣ್ಣುಗಳು ತೇಲುವುದು ಕಾಣುತ್ತದೆ. ಟಬ್‌ಗಿಂತ ಬಕೆಟ್‌ನಲ್ಲಿ ಇದು ಹೆಚ್ಚು ತೊಂದರೆ: ಚೊಂಬಿನಲ್ಲಿ ಮೊದಲು ಮೊಗೆದು ಬರುವುದೇ ಆ ಪದರ. ಹೆಗಲಿಗೆ ಬೆಂಕಿ, ಉಳಿದದ್ದು ಬರಿಯ ನೀರು.

ದಾರಿ ತೋರಿಸಿದ್ದು ಪಾಲಿಸಾರ್ಬೇಟ್ 80, ಎಣ್ಣೆಯನ್ನು ನೀರಿನೊಂದಿಗೆ ಬೆರೆಸುವ ದ್ರವ. ಸುಮಾರು 85 ಮಿಲಿ ಎಳ್ಳೆಣ್ಣೆಗೆ 15 ಮಿಲಿ ಅದು, ಮೇಲೆ ಲ್ಯಾವೆಂಡರ್ ಮತ್ತು ಪಾಮರೋಸಾ (ಗುಲಾಬಿ ಪರಿಮಳದ ಹುಲ್ಲಿನ ತೈಲ) ಸೇರಿ ಇಪ್ಪತ್ತು ಹನಿ. ಇದರಲ್ಲಿ ಎರಡು ಟೀ ಚಮಚವನ್ನು ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಸುರಿದರೆ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುತ್ತದೆ, ಒಂದು ಕಣ್ಣೂ ತೇಲುವುದಿಲ್ಲ. ಲೆಕ್ಕ ಹಾಕಿದರೆ ಒಂದು ಸ್ನಾನಕ್ಕೆ ಸುಗಂಧ ತೈಲ ಎರಡೇ ಹನಿ. ಅಷ್ಟು ಸಾಕು. ಸೋಪು ಮುಗಿದ ಮೇಲೆ, ಕೊನೆಯದಾಗಿ ಈ ನೀರು. ಟವೆಲ್ ಒತ್ತಬೇಕು, ಉಜ್ಜಬಾರದು. ನೆಲ ಜಾರುತ್ತದೆ, ವಯಸ್ಸಾದವರನ್ನು ಸ್ಟೂಲಿನ ಮೇಲೆ ಕೂರಿಸಿ.

ದುಡ್ಡು ಹಾಳಾದದ್ದು ಅಗ್ಗದ ಲ್ಯಾವೆಂಡರ್‌ನಲ್ಲಿ. ನೂರು ನೂರೈವತ್ತಕ್ಕೆ ಸಿಗುವ ಸೀಸೆಯ ಒಂದು ಹನಿಯನ್ನು ಬಿಳಿ ಕಾಗದಕ್ಕೆ ಬಿಟ್ಟೆ. ಮರುದಿನವೂ ಜಿಡ್ಡಿನ ಕಲೆ ಹೋಗಿರಲಿಲ್ಲ, ಅಂದರೆ ಬೇರೆ ಎಣ್ಣೆ ಬೆರೆಸಿದ್ದರು. ಈಗ ಜಮ್ಮುವಿನ ಭದೇರ್ವಾದಲ್ಲಿ ಬೆಳೆದದ್ದನ್ನು ತರಿಸುತ್ತೇನೆ, 10 ಮಿಲಿಗೆ ನಾನೂರರ ಆಸುಪಾಸು. ಹಾಗಿದ್ದೂ ಒಂದು ಸ್ನಾನಕ್ಕೆ ಹತ್ತು ಹನ್ನೆರಡು ರೂಪಾಯಿ ದಾಟುವುದಿಲ್ಲ. ತೆರೆದ ಸೀಸೆಯನ್ನು ಫ್ರಿಜ್‌ನಲ್ಲಿಡಿ. ಗಾಳಿ ತಗುಲಿ ಹಳೆಯದಾದ ಲ್ಯಾವೆಂಡರ್ ಅಲರ್ಜಿ ತರುವುದು ಹೆಚ್ಚು.

ನಡುವೆ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ತೈಲವನ್ನೂ ನೋಡಿದೆ. ಪರಿಮಳಕ್ಕೆ ಸೋತೆ, ಆದರೆ ಅದಕ್ಕೆ ನಿಂಬೆಯ ಪರಿಮಳ ಕೊಡುವ ಸಿಟ್ರಾಲ್ ಒಣ ಚರ್ಮಕ್ಕೆ ಆಗದು, ಬಿಟ್ಟೆ. ಲಾವಂಚದ ಬೇರು ಮಾತ್ರ ಗೆದ್ದಿತು: ಬಟ್ಟೆಯಲ್ಲಿ ಕಟ್ಟಿ ಹಂಡೆಗೆ ಬಿಡುತ್ತೇನೆ. ಎಷ್ಟು ಹೊತ್ತು, ಅದರ ಜೊತೆ ಇನ್ನೇನು ಎಂಬುದು ನನ್ನಲ್ಲೇ ಇರಲಿ.

ಚರ್ಮದ ವೈದ್ಯರು ಕೊಟ್ಟ ಮುಲಾಮನ್ನು ನಾವು ನಿಲ್ಲಿಸಿಲ್ಲ, ಹಚ್ಚುವ ದಿನಗಳು ಕಡಿಮೆಯಾಗಿವೆ. ಬಿರುಕು ಬಿಟ್ಟು ರಕ್ತ ಕಾಣುವ ಜಾಗಕ್ಕೆ ಈ ನೀರು ಬೇಡ, ಎಳೆ ಮಕ್ಕಳಿಗೂ ಬೇಡ. ಹೊಸಬರು ಮೊದಲು ಎಳ್ಳೆಣ್ಣೆಯಲ್ಲಿ ಬೆರೆಸಿಟ್ಟ ಆ ಮಿಶ್ರಣದ ಒಂದು ಹನಿಯನ್ನು ಮೊಣಕೈಯ ಒಳಮಡಿಕೆಗೆ ಹಚ್ಚಿ ಒಂದು ದಿನ ಕಾಯಿರಿ.