ಡಾರ್ಟ್ಸ್ ಕಲಿಯೋಣ ಬನ್ನಿ: ಆಟ ಗೆಲ್ಲಿಸುವುದು ಡಬಲ್

ಡಾರ್ಟ್ ಮೊದಲ ಸಲ ಕೈಗೆ ಬಂದಾಗ ಎಲ್ಲರೂ ಗುರಿ ಇಡುವುದು ಬೋರ್ಡಿನ ನಡುವಿನ ಕೆಂಪು ಚುಕ್ಕೆಗೆ. ಆಮೇಲೆ ಯಾರಾದರೂ ಹೇಳುತ್ತಾರೆ, ಆ ಚುಕ್ಕೆಗೆ, ಅಂದರೆ ಬುಲ್‌ಗೆ ಸಿಗುವುದು 50, ಅಂಕ ಮೂರು ಪಟ್ಟಾಗುವ ಒಳಗಿನ ತೆಳು ಉಂಗುರದ ಟ್ರೆಬಲ್ 20ಕ್ಕೆ 60 ಅಂತ. ಅಲ್ಲಿಂದ ಮುಂದೆ 20ರ ಬೆನ್ನು ಬಿಡುವುದಿಲ್ಲ. ನಾನೂ ತುಂಬಾ ದಿನ ಹಾಗೇ ಆಡಿದೆ. ಅಂಕ ಕಳೆಯುತ್ತಾ ಸೊನ್ನೆಗೆ ಬರಬೇಕಾದ ಆಟದಲ್ಲಿ ಎದುರಾಳಿಗಿಂತ ಬೇಗ 40ಕ್ಕೆ ಇಳಿಯುತ್ತಿದ್ದೆ, ಅಲ್ಲೇ ಸಿಕ್ಕಿಕೊಳ್ಳುತ್ತಿದ್ದೆ, ನಿಧಾನಕ್ಕೆ ಹಿಂದೆ ಬರುತ್ತಿದ್ದವರು ಬಂದು ಮುಗಿಸಿ ಹೋಗುತ್ತಿದ್ದರು. ಯಾಕೆ ಅಂತ ತಿಳಿಯಲು ಸಮಯ ಬೇಕಾಯಿತು. ಈ ಆಟ ಮುಗಿಯುವುದು ಹೊರಗಿನ ತೆಳು ಉಂಗುರದಲ್ಲಿ, ಅಂಕ ಎರಡು ಪಟ್ಟಾಗುವ ಡಬಲ್‌ನಲ್ಲಿ. ಅದರ ಅಗಲ ಬರೀ 8 ಮಿಲಿಮೀಟರ್. ಹೊಸದಾಗಿ ಕಲಿಯುವವರು ಮೊದಲ ವಾರದಿಂದಲೇ ಅದರ ಸ್ನೇಹ ಮಾಡಿಕೊಳ್ಳಲಿ ಅನ್ನುವುದೇ ಈ ಲೇಖನದ ಆಸೆ.

ಬೋರ್ಡ್ ಹಾಕುವಾಗ

ಸೈಸಲ್ ನಾರಿನ ಬೋರ್ಡ್ ತೆಗೆದುಕೊಳ್ಳಿ. ಮೊನೆ ಚುಚ್ಚಿದಾಗ ನಾರು ಸರಿದು ಜಾಗ ಕೊಡುತ್ತದೆ, ಕಿತ್ತಾಗ ಮತ್ತೆ ಕೂಡಿಕೊಳ್ಳುತ್ತದೆ. ಬೋರ್ಡಿನ ನಡುಬಿಂದು ನೆಲದಿಂದ 173 ಸೆಂಟಿಮೀಟರ್ ಎತ್ತರಕ್ಕೆ ಬರಬೇಕು. ನಿಲ್ಲುವ ಗೆರೆಗೆ ಓಕಿ ಅನ್ನುತ್ತಾರೆ. ಅದು ಬೋರ್ಡಿನ ಮುಖದಿಂದ 237 ಸೆಂಟಿಮೀಟರ್ ದೂರ ಇರಬೇಕು. ಗೋಡೆಯಿಂದ ಅಳೆದರೆ ಬೋರ್ಡಿನ ದಪ್ಪದಷ್ಟು ತಪ್ಪುತ್ತದೆ. ಸರಿ ಇದೆಯೋ ಇಲ್ಲವೋ ನೋಡಲು ಬುಲ್‌ನಿಂದ ಗೆರೆಗೆ ಓರೆಯಾಗಿ ಒಂದು ದಾರ ಹಿಡಿಯಿರಿ. 293 ಸೆಂಟಿಮೀಟರ್ ಬಂದರೆ ಎರಡೂ ಅಳತೆ ಸರಿ ಅಂತ ಅರ್ಥ.

20 ಇರುವ ಭಾಗ ಬೇಗ ಸವೆಯುತ್ತದೆ. ಅಂಕಿಗಳ ಉಂಗುರವನ್ನು ಬಿಚ್ಚಬಹುದು. ಆಗಾಗ ಬೋರ್ಡನ್ನು ಎರಡು ಮನೆ ತಿರುಗಿಸಿ, 20 ಮತ್ತೆ ಕಪ್ಪು ಮನೆಯ ಮೇಲೇ ಬರುವ ಹಾಗೆ ಉಂಗುರ ಹಾಕಿ. ಡಾರ್ಟ್ ಕೀಳುವಾಗ ಸ್ವಲ್ಪ ತಿರುಗಿಸಿ ಎಳೆಯಿರಿ, ನಾರು ಕಿತ್ತು ಬರುವುದಿಲ್ಲ. ಒಬ್ಬರು ಎಸೆಯುವಾಗ ಬೋರ್ಡಿನ ಹತ್ತಿರ ಯಾರೂ ಇರಬಾರದು. ಮಕ್ಕಳಿದ್ದರಂತೂ ಇನ್ನೂ ಜಾಸ್ತಿ ಎಚ್ಚರ.

ಡಾರ್ಟ್ 22ರಿಂದ 24 ಗ್ರಾಂ ಇದ್ದರೆ ಶುರುಮಾಡಲು ಸಾಕು. ತೂಕ, ಶಾಫ್ಟ್ (ಹಿಂದಿನ ಕಡ್ಡಿ), ಫ್ಲೈಟ್ (ಬಾಲದ ರೆಕ್ಕೆ) ಅಂತ ಸುಮ್ನೆ ಬದಲಾಯಿಸುತ್ತಾ ಹೋಗಬೇಡಿ. ಒಂದೇ ಸೆಟ್‌ನಲ್ಲಿ ಕೈ ಪಳಗಲಿ.

ನಿಲ್ಲುವುದು, ಎಸೆಯುವುದು

ಬಲಗೈಯವರು ಬಲಗಾಲು ಮುಂದಿಡಿ. ಭಾರ ಹೆಚ್ಚಾಗಿ ಮುಂದಿನ ಕಾಲಿನ ಮೇಲಿರಲಿ, ಆದರೆ ಮೈ ತೂಗಾಡುವಷ್ಟು ಬಾಗಬೇಡಿ. ಗೆರೆಯ ಮೇಲೆ ಕಾಲಿಡುವ ಜಾಗ ದಿನಾ ಒಂದೇ ಇರಲಿ.

ಹಿಡಿತದ ಬಗ್ಗೆ ಹತ್ತು ಜನ ಹತ್ತು ಥರ ಹೇಳುತ್ತಾರೆ. ಹೆಬ್ಬೆರಳು ಮತ್ತು ಒಂದೆರಡು ಬೆರಳಲ್ಲಿ ಹಿಡಿದುಕೊಳ್ಳಿ. ಜಾರಿ ಬೀಳದಷ್ಟು ಬಿಗಿ ಇದ್ದರೆ ಸಾಕು. ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದರೆ ಡಾರ್ಟ್ ಬಿಡುವಾಗ ಬೆರಳು ತಡೆಯುತ್ತದೆ. ಮೊನೆ ಚೂರು ಮೇಲಕ್ಕೆ ನೋಡಲಿ. ಮೊಣಕೈ ಎತ್ತಿ ಹಿಡಿಯಿರಿ, ಭುಜ ಅಲ್ಲಾಡಬಾರದು. ಮುಂಗೈ ಹಿಂದೆ ಬಂದು, ಮುಂದೆ ಹೋಗಿ, ಡಾರ್ಟ್ ಬಿಟ್ಟ ಮೇಲೂ ಗುರಿಯ ಕಡೆಗೇ ಚಾಚಿಕೊಳ್ಳಬೇಕು. ಹೊಸಬರು ಇಲ್ಲೇ ಎಡವುತ್ತಾರೆ. ಡಾರ್ಟ್ ಬಿಟ್ಟ ತಕ್ಷಣ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಡಾರ್ಟ್ ಕೆಳಗೆ ಬೀಳುತ್ತದೆ. ಕೈ ಚಾಚಿ ಒಂದು ಕ್ಷಣ ಹಾಗೇ ನಿಲ್ಲಿಸಿ ನೋಡಿ, ಆ ಒಂದೇ ಅಭ್ಯಾಸದಿಂದ ಬಹಳ ಸುಧಾರಿಸುತ್ತದೆ.

ಸದ್ಯಕ್ಕೆ 20 ಬಿಡಿ

20ರ ಎಡಕ್ಕೆ 5 ಇದೆ, ಬಲಕ್ಕೆ 1. ಬೋರ್ಡ್ ಮಾಡಿರುವುದೇ ಹಾಗೆ, ದೊಡ್ಡ ಅಂಕಿಯ ಪಕ್ಕ ಸಣ್ಣ ಅಂಕಿ. ಕೈ ಇನ್ನೂ ಕೂರದವರು 20ಕ್ಕೆ ಗುರಿ ಇಟ್ಟರೆ 1 ಮತ್ತು 5 ಸಿಗುವುದೇ ಜಾಸ್ತಿ. ಅದೇ ಎಡಬದಿಯ 14 ನೋಡಿ. ಅದರ ಮೇಲೆ 9, ಕೆಳಗೆ 11. ಮೂರೂ ಕೂಡಿದರೆ 34. 5, 20, 1 ಕೂಡಿದರೆ 26 ಅಷ್ಟೆ. ಗುರಿ ಚೂರು ತಪ್ಪಿದರೂ ನಷ್ಟ ಕಡಿಮೆ. ಮೂರು ಡಾರ್ಟೂ ಒಂದೇ ಕಡೆ ಗುಂಪಾಗಿ ಬೀಳಲು ಶುರುವಾದ ಮೇಲೆ 20ಕ್ಕೆ ಹೋಗಿ.

501 ಮತ್ತು ಆ ಕೊನೇ ಡಾರ್ಟ್

ಎಲ್ಲರೂ ಆಡುವ ಆಟ 501. ಇಬ್ಬರೂ 501ರಿಂದ ಶುರುಮಾಡಿ, ಸರದಿಗೆ ಮೂರು ಡಾರ್ಟ್ ಎಸೆದು, ಬಂದ ಅಂಕ ಕಳೆಯುತ್ತಾ ಹೋಗಬೇಕು. ಸರಿಯಾಗಿ ಸೊನ್ನೆಗೆ ಬರಬೇಕು, ಕೊನೇ ಡಾರ್ಟ್ ಡಬಲ್‌ಗೆ ಬೀಳಬೇಕು. ನಡುವಿನ ಬುಲ್ ಕೂಡ ಡಬಲ್ ಲೆಕ್ಕಕ್ಕೆ ಬರುತ್ತದೆ. ಅಂಕ ಮೀರಿದರೆ ಅಥವಾ 1 ಉಳಿದರೆ ಬಸ್ಟ್. ಆ ಸರದಿಯ ಅಂಕ ರದ್ದಾಗಿ ಮೊದಲಿದ್ದಲ್ಲಿಗೇ ವಾಪಸ್. ಬೋರ್ಡಿಗೆ ತಾಗಿ ಕೆಳಗೆ ಬಿದ್ದ ಡಾರ್ಟ್‌ಗೆ ಅಂಕವೂ ಇಲ್ಲ, ಮತ್ತೊಂದು ಅವಕಾಶವೂ ಇಲ್ಲ.

ಈಗ ನಿಮಗೆ 32 ಉಳಿದಿದೆ ಅಂದುಕೊಳ್ಳಿ. ಡಬಲ್ 16 ಹೊಡೆದರೆ ಮುಗಿಯಿತು. ಡಾರ್ಟ್ ಉಂಗುರದ ಹೊರಗೆ ಹೋದರೆ ಏನೂ ಕಳೆದುಕೊಳ್ಳಲಿಲ್ಲ, ಮತ್ತೆ ಅದೇ 32. ಒಳಗೆ ಬಿದ್ದು ಬರೀ 16 ಸಿಕ್ಕರೆ 16 ಉಳಿಯಿತು, ಡಬಲ್ 8. ಅದೂ ಒಳಗೆ ಬಿದ್ದರೆ ಡಬಲ್ 4. ಆಮೇಲೆ ಡಬಲ್ 2, ಆಮೇಲೆ ಡಬಲ್ 1. ಪ್ರತಿ ಸಲವೂ ನೇರವಾಗಿ ಒಂದು ಡಬಲ್ ಕೈಗೆ ಸಿಗುತ್ತದೆ. 26 ಉಳಿದಿದ್ದರೆ ಹಾಗಲ್ಲ. ಡಬಲ್ 13ಕ್ಕೆ ಎಸೆದು ಒಳಗೆ ಬಿದ್ದರೆ 13 ಉಳಿಯುತ್ತದೆ. ಬೆಸ ಅಂಕಿ ಉಳಿದರೆ ನೇರವಾಗಿ ಡಬಲ್‌ನಲ್ಲಿ ಮುಗಿಸಲು ಆಗುವುದಿಲ್ಲ, ಅದನ್ನು ಸರಿಮಾಡಲು ಒಂದು ಡಾರ್ಟ್ ಹೋಯಿತು. ಅದಕ್ಕೇ ಅನುಭವಿಗಳು 32 ಅಥವಾ 40 ಉಳಿಯುವ ಹಾಗೆ ಮೊದಲೇ ಲೆಕ್ಕ ಹಾಕಿ ಬರುತ್ತಾರೆ.

ಮೂರು ಡಾರ್ಟಲ್ಲಿ ಮುಗಿಸಬಹುದಾದ ದೊಡ್ಡ ಅಂಕಿ 170. ಎರಡು ಟ್ರೆಬಲ್ 20, ಒಂದು ಬುಲ್. ಆದರೆ 169, 168, 166, 165, 163, 162, 159 ಈ ಏಳು ಮೂರು ಡಾರ್ಟಲ್ಲಿ ಮುಗಿಯುವುದೇ ಇಲ್ಲ. ಇವನ್ನು ಬಾಯಿಪಾಠ ಮಾಡಿ, ಎದುರಿಗೆ ಬರದ ಹಾಗೆ ನೋಡಿಕೊಳ್ಳಿ.

ಒಬ್ಬರೇ ಅಭ್ಯಾಸ ಮಾಡಲು ಬಾಬ್ಸ್ 27 ಅನ್ನುವ ಆಟ ನನಗೆ ಬಹಳ ಇಷ್ಟ. 27 ಅಂಕ ಇಟ್ಟುಕೊಂಡು ಶುರು. ಡಬಲ್ 1ಕ್ಕೆ ಮೂರು ಡಾರ್ಟ್. ತಾಗಿದ ಒಂದೊಂದಕ್ಕೂ 2 ಸೇರಿಸಿ. ಮೂರೂ ತಪ್ಪಿದರೆ 2 ಕಳೆಯಿರಿ. ಆಮೇಲೆ ಡಬಲ್ 2ಕ್ಕೆ 4ರ ಲೆಕ್ಕ, ಡಬಲ್ 3ಕ್ಕೆ 6ರ ಲೆಕ್ಕ, ಹೀಗೆ 20ರವರೆಗೆ ಹೋಗಿ ಕೊನೆಗೆ ಬುಲ್. ಅಂಕ ಸೊನ್ನೆಗೆ ಇಳಿದರೆ ಆಟ ಮುಗಿಯಿತು. ಮೊದಮೊದಲು ಏಳೆಂಟು ಡಬಲ್ ದಾಟುವುದೂ ಕಷ್ಟವೇ, ಬೇಜಾರಾಗಬೇಡಿ. ದಿನಾ ಎಲ್ಲಿಗೆ ತಲುಪಿದಿರಿ ಅಂತ ಬರೆದಿಡಿ.

ದೊಡ್ಡವರ ಆಟ ನೋಡುವಾಗ

ವೃತ್ತಿಪರ ಡಾರ್ಟ್ಸ್‌ನ ಮುಖ್ಯ ಸಂಸ್ಥೆ ಪಿಡಿಸಿ. ಅದರ ವಿಶ್ವ ಚಾಂಪಿಯನ್‌ಶಿಪ್ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಡಿಸೆಂಬರ್‌ನಲ್ಲಿ ಶುರುವಾಗಿ ಜನವರಿ ಮೊದಲ ದಿನಗಳಲ್ಲಿ ಮುಗಿಯುತ್ತದೆ. 501ರ ಒಂದು ಆಟಕ್ಕೆ ಲೆಗ್ ಅನ್ನುತ್ತಾರೆ. ಅಲ್ಲಿ ಮೂರು ಲೆಗ್ ಗೆದ್ದರೆ ಒಂದು ಸೆಟ್, ಫೈನಲ್ ಗೆಲ್ಲಲು ಏಳು ಸೆಟ್ ಬೇಕು. ಜುಲೈಯಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ವರ್ಲ್ಡ್ ಮ್ಯಾಚ್‌ಪ್ಲೇ. ಅಲ್ಲಿ ಸೆಟ್ ಇಲ್ಲ, ಬರೀ ಲೆಗ್. ವರ್ಲ್ಡ್ ಗ್ರ್ಯಾನ್ ಪ್ರಿಯಲ್ಲಿ ಲೆಗ್ ಶುರುಮಾಡಲೂ ಡಬಲ್ ಬೇಕು. ಡಬಲ್‌ನ ಬೆಲೆ ತಿಳಿಯಲು ಅದಕ್ಕಿಂತ ಒಳ್ಳೆಯ ಟೂರ್ನಿ ಇಲ್ಲ.

ಪರದೆಯ ಮೇಲೆ ಸರಾಸರಿ ಅಂತ ತೋರಿಸುವುದು ಮೂರು ಡಾರ್ಟಿನ ಲೆಕ್ಕ. 100 ದಾಟಿದರೆ ಬಹಳ ಚೆನ್ನಾಗಿ ಆಡುತ್ತಿದ್ದಾರೆ ಅಂತ ಅರ್ಥ. ಆದರೆ ಪಕ್ಕದಲ್ಲೇ ಇರುವ ಡಬಲ್‌ನ ಶೇಕಡಾವಾರು ನೋಡುವುದನ್ನು ಮರೆಯಬೇಡಿ. ಸರಾಸರಿ ಜಾಸ್ತಿ ಇದ್ದೂ ಸೋಲುವವರು ಸೋಲುವುದು ಅಲ್ಲೇ, ಅಲ್ವಾ?

ವಿಶ್ವ ಚಾಂಪಿಯನ್‌ಶಿಪ್‌ನ 2024ರ ಫೈನಲ್ ನೆನಪಿಸಿಕೊಳ್ಳಿ. 16 ವರ್ಷದ ಲ್ಯೂಕ್ ಲಿಟ್ಲರ್ ಸೆಟ್ಟುಗಳಲ್ಲಿ 4-2 ಮುಂದಿದ್ದ. 5-2 ಆಗಲು ಡಬಲ್ 2 ಬೇಕಿತ್ತು. ತಪ್ಪಿತು. ಆಮೇಲೆ ಲ್ಯೂಕ್ ಹಂಫ್ರೀಸ್ ಸಾಲಾಗಿ ಐದು ಸೆಟ್ ಗೆದ್ದು 7-4ರಿಂದ ಚಾಂಪಿಯನ್ ಆದ. ಮರುವರ್ಷ ಲಿಟ್ಲರ್ ಮತ್ತೆ ಫೈನಲ್‌ಗೆ ಬಂದು, ಮೈಕಲ್ ವ್ಯಾನ್ ಗರ್ವೆನ್‌ನನ್ನು 7-3ರಿಂದ ಸೋಲಿಸಿ, 17ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ. ಅಷ್ಟು ಚಿಕ್ಕ ವಯಸ್ಸಿಗೆ ಬೇರೆ ಯಾರೂ ಆಗಿರಲಿಲ್ಲ.

ಒಂದೇ ಒಂದು ಲೆಗ್ ನೋಡಲು ಸಮಯ ಇದ್ದರೆ 2023ರ ಫೈನಲ್‌ನ ಎರಡನೇ ಸೆಟ್ ಹುಡುಕಿ. 501 ಮುಗಿಸಲು ಕಡಿಮೆ ಅಂದರೆ ಒಂಬತ್ತು ಡಾರ್ಟ್ ಬೇಕು. ವ್ಯಾನ್ ಗರ್ವೆನ್ ಎಂಟು ಡಾರ್ಟ್ ಒಂದೂ ತಪ್ಪದೆ ಎಸೆದಿದ್ದ. ಒಂಬತ್ತನೆಯದು ಡಬಲ್ 12ಕ್ಕೆ. ಕೂದಲೆಳೆಯಲ್ಲಿ ತಪ್ಪಿತು. ಮೈಕಲ್ ಸ್ಮಿತ್ ಕೂಡ ಆರು ಡಾರ್ಟನ್ನೂ ಟ್ರೆಬಲ್ 20ಕ್ಕೇ ಹೊಡೆದು ಕಾಯುತ್ತಿದ್ದ. ಓಕಿಗೆ ಬಂದ. ಟ್ರೆಬಲ್ 20, ಟ್ರೆಬಲ್ 19, ಆಮೇಲೆ ಅದೇ ಡಬಲ್ 12. ಡಾರ್ಟ್ ಬಿಟ್ಟ ಮೇಲೆ ಅವನ ಕೈ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೇ ನೋಡಿ.