ರೆಕ್ಕೆ ಮೊದಲು, ಮುಖ ಆಮೇಲೆ: ಮಾವಿನ ಊಜಿ ಗುರುತಿಸೋದು ಹೇಗೆ

ನಮ್ಮ ಶ್ರೀನಿವಾಸಪುರದ ಕಡೆ ಮಾವು ಕೆಡಿಸುವ ನೊಣಕ್ಕೆಲ್ಲ ಊಜಿ ಅಂತ ಒಂದೇ ಹೆಸರು. ಆದರೆ ಗಂಡು ನೊಣಗಳನ್ನು ಸೆಳೆಯುವ ಮಿಥೈಲ್ ಯುಜಿನಾಲ್ ಎಂಬ ವಾಸನೆ ಇಟ್ಟ ಬಲೆಯಲ್ಲಿ ಬಿದ್ದ ನೊಣಗಳನ್ನು ಬಿಳಿ ಹಾಳೆ ಮೇಲೆ ಸುರಿದು ನೋಡಿದರೆ ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಜಾತಿ ಸಿಗುತ್ತವೆ. ನನಗೆ ಸಿಗುವುದು ಮುಖ್ಯವಾಗಿ ಮೂರು: ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್, ಕರೆಕ್ಟಾ, ಜೊನಾಟಾ. ಮೂರರ ಗಂಡುಗಳೂ ಆ ವಾಸನೆಗೆ ಓಡಿ ಬರುತ್ತವೆ. ಸೋರೆ, ಹೀರೆಗೆ ಬರುವ ನೊಣ ಮಾತ್ರ ಕ್ಯೂಲೂರ್ ಎಂಬ ಬೇರೆ ವಾಸನೆಯ ಬಲೆಗೆ ಬೀಳುವುದು. ಅದರ ಬೆನ್ನ ಮೇಲೆ ಮೂರು ಹಳದಿ ಗೆರೆ ಇರುವುದರಿಂದ ತಕ್ಷಣ ಗೊತ್ತಾಗುತ್ತದೆ.

ನಾನು ಮೊದಲು ನೋಡುವುದು ರೆಕ್ಕೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ ಸಾಕು. ಆಲ್ಕೋಹಾಲ್‌ನಲ್ಲಿಟ್ಟ ನೊಣವಾದರೆ ಟಿಶ್ಯೂ ಮೇಲೆ ಒತ್ತಿ ಒಣಗಿಸಿಕೊಳ್ಳಿ, ಒದ್ದೆ ರೆಕ್ಕೆ ಬರೀ ಮಿನುಗುತ್ತದೆ. ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೂ ತುದಿಯವರೆಗೆ ಕಂದು ಪಟ್ಟಿ ಎಲ್ಲೂ ಕಡಿಯದೆ ಸಾಗಿದ್ದರೆ ಡಾರ್ಸಾಲಿಸ್ ಕಡೆಗೆ ಕೈ ತೋರಿಸಬಹುದು. ಪಟ್ಟಿ ನಡುವೆ ಕಡಿದು, ತುದಿಯಲ್ಲಿ ಒಂದು ಚುಕ್ಕೆ ಮಾತ್ರ ಉಳಿದಿದ್ದರೆ ಕರೆಕ್ಟಾ ಅಥವಾ ಜೊನಾಟಾ.

ಈಗ ನೊಣವನ್ನು ಎದುರಿನಿಂದ ನೋಡಬೇಕು. ಜೊನಾಟಾದ ಮುಖದಲ್ಲಿ ಎರಡು ಕಪ್ಪು ಬೊಟ್ಟು ಬಿಡಿಬಿಡಿಯಾಗಿ ಇರುತ್ತವೆ. ಕರೆಕ್ಟಾದಲ್ಲಿ ಅವೇ ಅಡ್ಡಕ್ಕೆ ಹಿಗ್ಗಿ ಒಂದು ಕಪ್ಪು ಗೆರೆಯಂತೆ ಕಾಣುತ್ತವೆ, ಹಣೆಗೆ ಅಡ್ಡ ವಿಭೂತಿ ಎಳೆದ ಹಾಗೆ. ಈ ಗುರುತು ನನಗೆ ತುಂಬಾ ಇಷ್ಟ. ಬಲೆಯಲ್ಲಿ ಎಷ್ಟೇ ದಿನ ಬಿದ್ದು ಒಣಗಿದ್ದರೂ ಇದು ಉಳಿದಿರುತ್ತದೆ.

ಮೈಬಣ್ಣ ಕೊನೆಗೆ. ಕರೆಕ್ಟಾದ ಬೆನ್ನು ಹೆಚ್ಚಾಗಿ ಕಪ್ಪು, ಜೊನಾಟಾದ್ದು ಕೆಂಗಂದು. ಹಾಗಂತ ಬಣ್ಣವೊಂದನ್ನೇ ನಂಬಬೇಡಿ. ಆಗಷ್ಟೇ ಹೊರಬಂದ ನೊಣ ಯಾವ ಜಾತಿಯದಾದರೂ ಮಾಸಲಾಗಿರುತ್ತದೆ. ಡಾರ್ಸಾಲಿಸ್ ಬೆನ್ನು ಕಡುಗಪ್ಪಿನಿಂದ ಕಂದಿನವರೆಗೆ ಬದಲಾಗುತ್ತದೆ. ಆಫ್ರಿಕಾದಲ್ಲಿ ಹರಡಿದ ಇದೇ ನೊಣವನ್ನು 2005ರಲ್ಲಿ ಬೇರೆಯೇ ಜಾತಿ ಅಂತ ಹೆಸರಿಸಿ, 2015ರಲ್ಲಿ ಮತ್ತೆ ಡಾರ್ಸಾಲಿಸ್‌ಗೇ ಸೇರಿಸಿದರು. ಅಂದರೆ ಬಣ್ಣದ ವಿಷಯ ಪರಿಣತರಿಗೂ ಕಷ್ಟದ್ದೇ, ಅಲ್ವಾ?

ಬಲೆಗೆ ಬೀಳುವುದು ಗಂಡುಗಳು ಮಾತ್ರ, ಹಣ್ಣಿಗೆ ಮೊಟ್ಟೆಯಿಡುವುದು ಹೆಣ್ಣು. ಆದ್ದರಿಂದ ಹಣ್ಣನ್ನು ನಿಜವಾಗಿ ಕೆಡಿಸಿದ್ದು ಯಾವುದು ಅಂತ ಬಲೆ ಹೇಳುವುದಿಲ್ಲ. ಅದಕ್ಕೆ ನಾನು ಉದುರಿದ ಹಣ್ಣನ್ನು ಡಬ್ಬಿಯಲ್ಲಿ ಮರಳಿನ ಮೇಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟುತ್ತೇನೆ. ಹುಳು ಮರಳಿಗಿಳಿದು ಕೋಶವಾಗಿ, ಆಮೇಲೆ ನೊಣವಾಗುತ್ತದೆ. ಹೊರಬಂದ ಕೂಡಲೇ ಕೊಲ್ಲಬೇಡಿ. ಸಕ್ಕರೆ ನೀರು ಕೊಟ್ಟು ಕೆಲವು ದಿನ ಸಾಕಿದರೆ ಬಣ್ಣ, ಗುರುತು ಎಲ್ಲ ಕೂಡಿಕೊಳ್ಳುತ್ತವೆ. ಆಮೇಲೆ ಆಲ್ಕೋಹಾಲ್‌ಗೆ ಹಾಕಿ, ಊರು, ದಿನಾಂಕ, ಯಾವ ಹಣ್ಣು ಅಂತ ಚೀಟಿ ಬರೆದು ಒಳಗೇ ಇಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಬಿಟ್ಟುಕೊಳ್ಳುತ್ತದೆ.